ಅಕಾಂಪ್ಲಿಶ್‌ಮೆಂಟ್ ಎಂಬ ಏಳನೇ ಕಾಲಂ

ಈವರೆಗೆ ನಾನು ಎಷ್ಟು ಜನರನ್ನು ಅಜಾತಶತ್ರು ಮಾಡಿದ್ದೇನೆಂದು ಕೇಳಿದರೆ ಹೇಳಲಾರೆ. ನೂರರ ಮೇಲೆಯೇ ಇರಬೇಕು. ಅವರಲ್ಲಿ ಹೊಲದ ಬದುವಿನ ಸಲುವಾಗಿ ಸ್ವಂತ ತಮ್ಮನನ್ನು ಕೋರ್ಟಿಗೆ ಎಳೆದವರಿದ್ದರು. ಇಡೀ ಓಣಿಯಲ್ಲಿ ಯಾರೊಡನೆಯೂ ಮಾತಿಲ್ಲದವರಿದ್ದರು. ಒಬ್ಬರಂತೂ ಸನ್ಮಾನದ ವೇದಿಕೆಯ ಮೇಲೆಯೇ ಪಕ್ಕದ ಕುರ್ಚಿಯವರಿಗೆ ಬೆನ್ನು ಮಾಡಿ ಕುಳಿತಿದ್ದರು. ಆದರೂ ಮಾನಪತ್ರವೆಂದ ಮೇಲೆ ಅಜಾತಶತ್ರು ಬರಲೇಬೇಕು. ಅದರ ಹಿಂದೆ 'ಸರಳ, ಸಜ್ಜನ, ಸ್ನೇಹಜೀವಿ', ಮುಂದೆ 'ಬಹುಮುಖ ಪ್ರತಿಭೆಯ ಧೀಮಂತ'. ಹೂರಣವಿಲ್ಲದೆ ಹೋಳಿಗೆಯಾಗುವುದಿಲ್ಲ, ಇವಿಲ್ಲದೆ ಮಾನಪತ್ರವಾಗುವುದಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ನವಲಗುಂದ ಸೀಮೆಯಲ್ಲಿ ಮನುಷ್ಯ ನಿವೃತ್ತನಾದರೆ ಸನ್ಮಾನ, ಅರವತ್ತು ತುಂಬಿದರೆ ಸನ್ಮಾನ, ಸೊಸೈಟಿಗೆ ಅಧ್ಯಕ್ಷನಾದರೆ ಸನ್ಮಾನ, ಆ ಕುರ್ಚಿಯಿಂದ ಇಳಿದರೂ ಸನ್ಮಾನ. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಇಷ್ಟಾದ ಮೇಲೆ ಗಾಜಿನ ಚೌಕಟ್ಟಿನಲ್ಲಿ ಕೂಡಿಸಿದ ಮಾನಪತ್ರವನ್ನು ಮೈಕಿನಲ್ಲಿ ಓದುತ್ತಾರೆ. ಓದಿ ಮುಗಿಯುವತನಕ ಆತ ನಿಂತೇ ಇರಬೇಕು. ಪೇಟದ ಕೆಳಗಿನಿಂದ ಬೆವರು ಇಳಿಯುತ್ತಿರುತ್ತದೆ, ಎರಡೂ ಕೈಯಲ್ಲಿ ಬುಟ್ಟಿ ಇರುವುದರಿಂದ ಒರೆಸಿಕೊಳ್ಳಲಾಗುವುದಿಲ್ಲ. ಕೆಳಗೆ ಕುಳಿತವರು ಅದನ್ನು ಆನಂದಬಾಷ್ಪವೆಂದು ತಿಳಿದು ತಾವೂ ಕಣ್ಣು ಒರೆಸಿಕೊಳ್ಳುತ್ತಾರೆ. ಈ ಮಾನಪತ್ರ ಬರೆಯುವ ಕೆಲಸ ಮೂವತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದವನು. ಇಂಗ್ಲಿಷ್ ಬರುವವನಿಗೆ ಕನ್ನಡ ತಾನಾಗಿಯೇ ಬರುತ್ತದೆ ಎಂದು ಊರವರು ಅದು ಹೇಗೋ ನಂಬಿದರು. ನಾನೂ ಅವರ ನಂಬಿಕೆ ಕೆಡಿಸಲು ಹೋಗಲಿಲ್ಲ.

ನನ್ನ ಮೊದಲ ಮಾನಪತ್ರ ನಮ್ಮ ಶಾಲೆಯ ಸಿಪಾಯಿ ಫಕ್ಕೀರಪ್ಪನದು. ನಿವೃತ್ತಿಗೆ ಒಂದು ವಾರವಿರುವಾಗ ಅವನನ್ನೇ ಎದುರಿಗೆ ಕೂಡಿಸಿಕೊಂಡು, ನಿನ್ನ ಸಾಧನೆಗಳನ್ನು ಹೇಳಪ್ಪಾ ಎಂದೆ.

"ಗಂಟಿ ಬಾರಿಸೇನ್ರಿ ಸರ," ಎಂದ.

ಮತ್ತೇನು ಎಂದೆ. ಬಹಳ ಹೊತ್ತು ವಿಚಾರ ಮಾಡಿ, "ಬರೋಬ್ಬರಿ ಟೈಮಿಗೆ ಬಾರಿಸೇನ್ರಿ," ಎಂದ.

ಇಷ್ಟರಲ್ಲಿ ಮಾನಪತ್ರವಾಗುವುದಿಲ್ಲ. ಅವನಿಲ್ಲದ ಹೊತ್ತು ನೋಡಿ ಮನೆಗೆ ಹೋದೆ. ಅವನ ಹೆಂಡತಿ ಚಹಾ ಮಾಡಿ ಕೊಟ್ಟಳು. ಕೇಳಿದೆ. ಸೆರಗು ಸರಿಮಾಡಿಕೊಂಡು, "ಅವ್ರದೇನ್ ಹೇಳೂದ್ರಿ," ಎಂದು ಸುಮ್ಮನಾದಳು. ನಾನು ಚಹಾ ಕುಡಿಯುತ್ತ ಕುಳಿತೆ. ಕಪ್ಪು ಖಾಲಿಯಾಗುವ ಹೊತ್ತಿಗೆ ಅವಳೇ ಶುರುಮಾಡಿದಳು. "ಐತವಾರ ಸುದ್ದಾ ಹತ್ತೂವರಿ ಆತಂದ್ರ ತಾಟಿನ ಮುಂದಿಂದ ಎದ್ದು ಅಂಗಳದಾಗ ಹೋಗಿ ನಿಂದರ್ತಾರ್ರಿ. ಯಾಕಂದ್ರ, ಹುಡುಗ್ರು ಪ್ರಾರ್ಥನಾಕ್ಕ ನಿಂತಿರ್ತಾವಲಾ ಅಂತಾರ. ಇವತ್ತ ಸೂಟಿ ಐತ್ರಿ ಅಂದ್ರ, ನಕ್ಕೋತ ಬಂದು ಮತ್ತ ಉಣ್ಣಾಕ ಕೂಡ್ತಾರ."

ಅದನ್ನೇ ಬರೆದೆ. ಓದುವಾಗ ಹೆಡ್‌ಮಾಸ್ತರರ ದನಿ ತಡವರಿಸಿತು. ಅಂದಿನಿಂದ ನನಗೊಂದು ಪದ್ಧತಿ ಸಿಕ್ಕಿತು. ಮಾನಪತ್ರ ಯಾರದೋ ಅವರನ್ನು ಕೇಳಬಾರದು, ಅವರ ಹೆಂಡತಿಯನ್ನು ಕೇಳಬೇಕು. ಕೇಳಿದ ಮೇಲೆ ಅವಸರ ಮಾಡಬಾರದು, ಚಹಾ ಮುಗಿಯುವತನಕ ಕಾಯಬೇಕು. ಹೆಂಗಸರು ಮನಸ್ಸಿನೊಳಗಿನ ಪೆಟ್ಟಿಗೆಯ ಕೀಲಿ ಹುಡುಕಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ.

ಈ ಪದ್ಧತಿಯಿಂದ ಕೆಲವೊಮ್ಮೆ ಫಜೀತಿಯೂ ಆಗಿದೆ. ಯಮನೂರಿನ ಕಡೆಯ ಒಬ್ಬ ಹಳೆಯ ಪೈಲ್ವಾನರ ಸನ್ಮಾನವಿತ್ತು. ಅವರ ಹೆಂಡತಿ ಅರ್ಧ ಕಪ್ಪು ಮುಗಿಯುವುದರೊಳಗೇ, "ಊರಿಗೆಲ್ಲಾ ಹುಲಿ ಅದಾರ್ರಿ. ಮನ್ಯಾಗ ಹಲ್ಲಿ ಕಂಡ್ರ ನನ್ನ ಬೆನ್ನ ಹಿಂದ ಬಂದು ನಿಂದರ್ತಾರ," ಎಂದುಬಿಟ್ಟರು. ಬರೆಯುವಂತಿಲ್ಲ, ಬಿಡಲು ಮನಸ್ಸಿಲ್ಲ. ಕಡೆಗೆ 'ಕಿರುಜೀವಿಗಳನ್ನೂ ದೂರದಿಂದಲೇ ಗೌರವಿಸುವ ದೊಡ್ಡ ಮನಸ್ಸಿನವರು' ಎಂದು ಬರೆದೆ. ಜನ ಚಪ್ಪಾಳೆ ತಟ್ಟಿದರು. ಪೈಲ್ವಾನರು ಪೇಟದಡಿಯಿಂದ ನನ್ನನ್ನು ದುರುಗುಟ್ಟಿ ನೋಡಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಇನ್ನೊಮ್ಮೆ ಅಂಗನವಾಡಿ ಟೀಚರರೊಬ್ಬರ ಮಾನಪತ್ರಕ್ಕಾಗಿ ಅವರ ಗಂಡನನ್ನು ಕೇಳಿದೆ. ಎರಡು ಕಪ್ಪು ಚಹಾ ಆದರೂ ಆತ "ಚಲೋ ಅದಾಳ್ರಿ" ಎಂಬುದರಿಂದ ಆಚೆ ಹೋಗಲಿಲ್ಲ. ಅವರ ಅತ್ತೆಯನ್ನು ಕೇಳಿ ಬರೆದೆ. ಗಂಡಸರಿಗೆ ಈ ವಿದ್ಯೆ ಹತ್ತುವುದಿಲ್ಲ ಎಂದು ಆ ದಿನ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಹೇಳಿಕೊಂಡು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ಒಂದು ಮನೆಯಲ್ಲಿ ಮಾತ್ರ ಪದ್ಧತಿ ಸೋತಿತು. ದೊಡ್ಡ ಹತ್ತಿ ವ್ಯಾಪಾರಸ್ಥರ ಮನೆ ಅದು. ಆ ತಾಯಿ ನನ್ನ ಪ್ರಶ್ನೆ ಕೇಳಿ ಸುಮ್ಮನೆ ಕುಳಿತರು. ಕಪ್ಪು ಖಾಲಿಯಾಯಿತು. "ಇನ್ನೊಂಚೂರ ಚಹಾ ಹಾಕ್ಲೇನ್ರಿ?" ಎಂದರು. ಅದೂ ಖಾಲಿಯಾಯಿತು. ಎದ್ದು ಒಳಗೆ ಹೋದರು, ಹೊರಗೆ ಬರಲಿಲ್ಲ. ಆ ಮಾನಪತ್ರಕ್ಕೆ ನನ್ನ ಬಳಿಯಿದ್ದ ವಿಶೇಷಣಗಳನ್ನೆಲ್ಲ ಸುರಿದೆ. ನಾನು ಬರೆದವುಗಳಲ್ಲೇ ಅತ್ಯಂತ ಉದ್ದನೆಯದು ಅದು, ಊರು ಬಹಳ ಹೊಗಳಿತು.

ಈಗ ನನ್ನ ಫಜೀತಿಗೆ ಬರುತ್ತೇನೆ. ನನ್ನ ಹಳೇ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದಾರೆ. ಅದರ ಮುಂದಾಳು ಬಸವರಾಜ, ನಲವತ್ತೈದು ದಾಟಿದವನು, ಪೇಟೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾನೆ. ಹೋದ ಸೋಮವಾರ ನನ್ನ ವಾಟ್ಸ್ಆ್ಯಪಿಗೆ ಒಂದು ಫಾರ್ಮು ಕಳಿಸಿದ. ಎಲ್ಲಿಂದಲೋ ಇಳಿಸಿಕೊಂಡದ್ದು, ಪೂರಾ ಇಂಗ್ಲಿಷಿನಲ್ಲಿದೆ. ಹೆಸರು, ಜನ್ಮದಿನಾಂಕ, ವಿದ್ಯಾರ್ಹತೆ, ಸೇವಾವಧಿ, ವಿಳಾಸ, ಕುಟುಂಬದ ಸದಸ್ಯರು. ಏಳನೆಯದು 'ಅಕಾಂಪ್ಲಿಶ್‌ಮೆಂಟ್ಸ್', ಎಂದರೆ ಸಾಧನೆಗಳು. ಅದರ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದಾರೆ. ಹಿಂದೆಯೇ ಫೋನೂ ಬಂತು.

"ಸರ, ಶುಕ್ರವಾರದೊಳಗ ಬೇಕ್ರಿ, ಸ್ಮರಣ ಸಂಚಿಕೆ ಪ್ರಿಂಟಿಗಿ ಹೊಂಟೈತಿ. ಮತ್ತ ನಿಮ್ಮ ಮಾನಪತ್ರನೂ ನೀವ ಬರದಬಿಡ್ರಲಾ. ನಿಮ್ಮಂಗ ಬರಿಯವ್ರು ಯಾರದಾರ್ರಿ ಈ ಸೀಮ್ಯಾಗ?"

ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದೆಂಬ ಮಾತು ಕೇಳಿದ್ದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಭುಜ ಹಿಡಿದುಕೊಂಡು ಕೈ ಅಲ್ಲಿಯತನಕ ಹೋಗುವುದೂ ಇಲ್ಲ. ಆದರೆ ನನ್ನ ತೊಂದರೆ ಬೇರೆ. ಇಡೀ ಸೀಮೆಯ ಹೆಂಡಂದಿರನ್ನು ಕೇಳಿ ಬರೆದವನು ಈಗ ಯಾರನ್ನು ಕೇಳಲಿ? ನೀಲವ್ವ ತೀರಿಕೊಂಡು ಎರಡು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಮನೆಯಲ್ಲಿರುವವನು ನಾನೊಬ್ಬನೇ, ನನ್ನನ್ನು ಕೇಳಬಾರದೆಂಬುದು ನಾನೇ ಮಾಡಿದ ಕಾಯಿದೆ. ಫಾರ್ಮಿನ ಪ್ರಿಂಟು ತೆಗೆಸಿಕೊಂಡು ಬಂದು ಆರನೇ ಕಾಲಮ್ಮಿನಲ್ಲಿ, ಕುಟುಂಬದ ಸದಸ್ಯರು ಎಂಬಲ್ಲಿ, 'ಇಲ್ಲ' ಎಂದು ಬರೆದು ಏಳನೆಯದಕ್ಕೆ ಬಂದು ನಿಂತೆ.

ಒಂಟಿತನ ಎಂಬ ಶಬ್ದವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಅರ್ಥ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ. ಓಣಿಯ ಕೊನೆಯ ಮನೆಯವಳು ದಿನಾ ಎರಡು ರೊಟ್ಟಿ ಬಡಿದು ಕಳಿಸುತ್ತಾಳೆ, ಪಲ್ಯ ನಾನೇ ಮಾಡುತ್ತೇನೆ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಹಾಕಿಕೊಂಡು ಉಣ್ಣುತ್ತೇನೆ. ಆದರೆ 'ಇವತ್ತ ಉಪ್ಪ ಕಡಿಮಿ ಆಗೈತಿ' ಎಂದು ಹೇಳಲು ಒಬ್ಬರು ಬೇಕಲ್ಲ! ಹೊರಗೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು 'ಬಾಗಲಾ ಹಾಕ್ಕೋ' ಎನ್ನುವುದು ಮೂವತ್ತೆಂಟು ವರ್ಷದ ರೂಢಿ. ಈಗಲೂ ಎನ್ನುತ್ತೇನೆ. ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಗಿ ತಿರುಗಿ ಬಂದು ಕೀಲಿ ಹಾಕುತ್ತೇನೆ. ಯಾರಾದರೂ ನೋಡುತ್ತಿದ್ದರೆ ಚಷ್ಮಾ ಮರೆತವನಂತೆ ಜೇಬು ತಟ್ಟಿಕೊಳ್ಳುತ್ತೇನೆ.

ಮನಸ್ಸು ಕಸಿವಿಸಿಯಾದಾಗ ಇಂಗ್ಲಿಷ್ ಮಾಸ್ತರನಿಗಿರುವ ದಾರಿ ಒಂದೇ, ಡಿಕ್ಷನರಿ ತೆಗೆಯುವುದು. ಮಂಗಳವಾರ ಬೆಳಿಗ್ಗೆ ಅದನ್ನೇ ಮಾಡಿದೆ. ಸಾಧನೆಗೆ ಇಂಗ್ಲಿಷಿನಲ್ಲಿ ಎರಡು ಶಬ್ದಗಳು ಹೆಚ್ಚು ಓಡಾಡುತ್ತವೆ, ಅಚೀವ್‌ಮೆಂಟ್ ಮತ್ತು ಅಕಾಂಪ್ಲಿಶ್‌ಮೆಂಟ್. ಎರಡಕ್ಕೂ ನಾನು ಬೋರ್ಡಿನ ಮೇಲೆ 'ಸಾಧನೆ' ಎಂದೇ ಬರೆಯುತ್ತಿದ್ದೆ. ಮಕ್ಕಳು ಹಾಗೇ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಒಂದು ಅಂಕ ಸಿಗುತ್ತಿತ್ತು. ಆದರೆ ಎರಡೂ ಒಂದೇ ಓಣಿಯವಾದರೂ ಒಂದೇ ಮನೆಯವಲ್ಲ. ಅಚೀವ್‌ಮೆಂಟ್ ಹೊರಗೆ ಕಾಣುವಂಥದು, ಪದಕದ್ದು, ಪಟ್ಟದ್ದು. ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ಮನೆತನದವರ ಲಾಂಛನಕ್ಕೇ ಅಚೀವ್‌ಮೆಂಟ್ ಎನ್ನುತ್ತಿದ್ದರು. ಮನೆಯಲ್ಲಿ ಸಾವಾದರೆ ಆ ಲಾಂಛನವನ್ನು ಹಲಗೆಯ ಮೇಲೆ ಬರೆಸಿ ಬಾಗಿಲ ಮೇಲೆ ತೂಗುಹಾಕುತ್ತಿದ್ದರಂತೆ. ಅದರಲ್ಲೊಂದು ಸೂಕ್ಷ್ಮವಿದೆ. ಗಂಡ ಹೆಂಡಿರಲ್ಲಿ ಯಾರು ಹೋದರೋ ಅವರ ಪಾಲಿನ ಅರ್ಧ ಹಲಗೆಗೆ ಕಪ್ಪು ಬಣ್ಣ, ಉಳಿದವರ ಪಾಲಿಗೆ ಬಿಳಿ. ದಾರಿಯಲ್ಲಿ ಹೋಗುವವರು ಯಾರನ್ನೂ ಕೇಳದೆ, ಒಳಗೆ ಯಾರು ಒಬ್ಬರೇ ಉಳಿದಿದ್ದಾರೆಂದು ತಿಳಿದುಕೊಳ್ಳಬಹುದಿತ್ತು. ಅದನ್ನು ಓದಿದಾಗ ಆ ಜನ ಜಾಣರು ಅನ್ನಿಸಿತು. ನನ್ನ ಬಾಗಿಲಿಗೂ ಅಂಥದೊಂದು ಇದ್ದಿದ್ದರೆ ಜೇಬು ತಟ್ಟಿಕೊಳ್ಳುವ ನಾಟಕ ತಪ್ಪುತ್ತಿತ್ತು.

ಅಕಾಂಪ್ಲಿಶ್‌ಮೆಂಟಿನ ಬೇರು ಲ್ಯಾಟಿನ್ನಿನಲ್ಲಿದೆ, ಅದರ ಅರ್ಥ 'ತುಂಬು'. ನಮ್ಮಲ್ಲಿ ಕೊಡ ತುಂಬುತ್ತೇವೆ, ಉಡಿ ತುಂಬುತ್ತೇವೆ, ಸೊಸೆಯನ್ನು ಮನೆ ತುಂಬಿಸಿಕೊಳ್ಳುತ್ತೇವೆ. ಬಸವರಾಜ ದಿನಾ ಐವತ್ತು ಅರ್ಜಿ ತುಂಬುತ್ತಾನೆ. ತುಂಬುವುದೇ ಸಾಧನೆಯಾದರೆ ಊರಿನಲ್ಲಿ ಅವನಿಗಿಂತ ದೊಡ್ಡ ಸಾಧಕನಿಲ್ಲ. ಇಂಗ್ಲಿಷಿನವರು ಈ ಶಬ್ದವನ್ನು ಸ್ವಲ್ಪ ಕೊಂಕಾಗಿಯೂ ಬಳಸುತ್ತಾರೆ. ಸುಳ್ಳು ಹೇಳುವುದರಲ್ಲಿ ಪಳಗಿದವನನ್ನು 'ಅಕಾಂಪ್ಲಿಶ್ಡ್' ಸುಳ್ಳುಗಾರ ಎನ್ನುತ್ತಾರೆ. ನೂರು ಅಜಾತಶತ್ರುಗಳನ್ನು ಹುಟ್ಟಿಸಿದ ನಾನು ಆ ನಾಲ್ಕು ಗೆರೆಯಲ್ಲಿ ಅದನ್ನೇ ಬರೆದಿದ್ದರೂ ಸುಳ್ಳಾಗುತ್ತಿರಲಿಲ್ಲ.

ಆದರೆ ಈ ಶಬ್ದ ನಿಜವಾಗಿ ಮೆರೆದದ್ದು ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಕಾದಂಬರಿಗಳಲ್ಲಿ. ಅಲ್ಲಿ ಅಕಾಂಪ್ಲಿಶ್‌ಮೆಂಟ್ಸ್ ಎಂದರೆ ಯುದ್ಧ ಗೆಲ್ಲುವುದಲ್ಲ, ಮದುವೆಗೆ ಬಂದ ಹುಡುಗಿಗೆ ಏನೇನು ಬರುತ್ತದೆ ಎಂಬುದರ ಪಟ್ಟಿ. ಪಿಯಾನೋ ಬರುತ್ತದೆ, ಚಿತ್ರ ತೆಗೆಯುವುದು ಬರುತ್ತದೆ, ಕಸೂತಿ ಬರುತ್ತದೆ, ನಾಲ್ಕು ಮಾತು ಫ್ರೆಂಚ್ ಬರುತ್ತದೆ. ಕಾದಂಬರಿಕಾರರು ಈ ಪಟ್ಟಿಗಳನ್ನು ಕೊಟ್ಟು ಸಣ್ಣಗೆ ನಗುತ್ತಾರೆ. ಬಿ.ಎ. ಓದುವಾಗ ನಾನೂ ನಕ್ಕಿದ್ದೆ. ಆಮೇಲೆ ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ ಕನ್ಯೆ ನೋಡಲು ಹೋದಾಗ, ಅವೇ ಕಾದಂಬರಿಗಳ ಪಡಸಾಲೆಯಲ್ಲಿ ನನ್ನನ್ನು ತಂದು ಕೂಡಿಸಿದ್ದಾರೆ ಅನ್ನಿಸಿತು. ನಮ್ಮ ಸೋದರತ್ತೆ, "ಹುಡಿಗೀಗಿ ಏನೇನ್ ಬರತೈತ್ರಿ?" ಎಂದು ಕೇಳಿದಳು. ಅವರ ಕಡೆಯವರು ಹೇಳುತ್ತ ಹೋದರು. ಶಾವಿಗೆ ಹೊಸೆಯಲು ಬರುತ್ತದೆ, ಕೌದಿ ಹೊಲಿಯಲು ಬರುತ್ತದೆ, ಸೋಬಾನದ ಪದ ಬರುತ್ತವೆ, ಭತ್ತದ ಗದ್ದೆಯ ಕೆಲಸವೂ ಬರುತ್ತದೆ. ನಮ್ಮ ಅತ್ತೆ ತಲೆದೂಗಿದಳು. ಆಗ ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ, ಹಲ್ಲಿಲ್ಲದ ಮುದುಕಿ, ನನ್ನ ಕಡೆ ಕೈ ತೋರಿಸಿ, "ಹುಡುಗಗ ಏನೇನ್ ಬರತೈತಿ?" ಎಂದಳು.

ಯಾರೂ ಕೇಳದ ಪ್ರಶ್ನೆ ಅದು. ನಾನೇ "ಇಂಗ್ಲಿಷ್ ಬರತೈತ್ರೀ ಅಮ್ಮಾ" ಎಂದೆ.

"ಅದನ್ಬಿಟ್ಟು?" ಎಂದಳು ಮುದುಕಿ.

ನಾನು ಸೋದರತ್ತೆಯ ಮುಖ ನೋಡಿದೆ. ಬಾಗಿಲ ಮರೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನಕ್ಕವಳು ನೀಲವ್ವ. ಆ ನಗೆ ಕೇಳಿಯೇ ನಾನು ಒಪ್ಪಿದ್ದು. ಮುದುಕಿಯ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ಹಾಗೆಯೇ ಉಳಿಯಿತು. ಬಸವರಾಜನ ಫಾರ್ಮಿನಲ್ಲಿ ಅದೇ ಪ್ರಶ್ನೆ ಇಂಗ್ಲಿಷ್ ಉಡುಪು ಹಾಕಿಕೊಂಡು ಮತ್ತೆ ಬಂದು ಕುಳಿತಿತ್ತು.

ಬುಧವಾರ ನಮ್ಮ ಹಳೆಯ ಡ್ರಾಯಿಂಗ್ ಮಾಸ್ತರ ದೇಸಾಯಿಯವರ ಹತ್ತಿರ ಹೋದೆ. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವರು, ಏನಾದರೂ ಹೇಳಿಯಾರು ಎಂಬ ಆಸೆ. "ನಿಮ್ಮದೇನ್ರಿ ಮಾಸ್ತರ್ರ," ಎಂದರು ದೇಸಾಯಿಯವರು, "ಸರಳ, ಸಜ್ಜನ, ಸ್ನೇ..." ನಾನು ಕೈಮುಗಿದು ಅಲ್ಲಿಗೇ ನಿಲ್ಲಿಸಿದೆ. "ಅಜಾತಶತ್ರುನೂ ಅದೀರಿ," ಎಂದು ಅವರು ಬಾಗಿಲತನಕ ಬಂದು ಸೇರಿಸಿದರು. ಅವರು ಸುಳ್ಳು ಹೇಳುವವರಲ್ಲ. ಅವರ ಸನ್ಮಾನಕ್ಕೆ ನಾನೇ ಬರೆದುಕೊಟ್ಟ ಮಾತುಗಳು ಅವು, ಚೌಕಟ್ಟಿನಲ್ಲಿ ಅವರ ಗೋಡೆಯ ಮೇಲೆಯೇ ಇದ್ದವು. ಕಂಡದ್ದನ್ನು ನೋಡಿ ಬರೆಯುವುದು ಡ್ರಾಯಿಂಗ್ ಮಾಸ್ತರರ ರೂಢಿಯಲ್ಲವೇ, ಹಾಗೇ ನೋಡಿ ಹೇಳಿದರು.

ಮನೆಗೆ ಬರುವಾಗ ಎದುರುಮನೆಯಿಂದ ಠಪ್ ಠಪ್ ಸಪ್ಪಳ ಕೇಳಿಸಿತು. ಹುಸೇನಬಿ ಜಮಖಾನೆ ನೇಯುತ್ತಿದ್ದರು. ಅವರ ಪಡಸಾಲೆಯಲ್ಲಿ ಗೋಡೆಗೆ ಹೊಂದಿ ನೆಟ್ಟಗೆ ನಿಂತ ಮಗ್ಗ, ಅದರ ಮುಂದೆ ಕುಳಿತು ಒಂದೊಂದು ಬಣ್ಣದ ನೂಲು ತೂರಿಸಿ ಕಬ್ಬಿಣದ ಪಂಜಾದಿಂದ ಕುಟ್ಟಿ ಕೂಡಿಸುತ್ತಾರೆ. ಆ ಮಗ್ಗದ ಬಾಜೂಕ ಒಂದು ಮಣೆ ಇದೆ. ಅದು ನೀಲವ್ವನ ಮಣೆ. ಮಧ್ಯಾಹ್ನದ ಕೆಲಸ ಮುಗಿಸಿ ಕೌದಿಯ ತುಂಡುಗಳನ್ನು ತೆಗೆದುಕೊಂಡು ಹೋಗಿ ಅಲ್ಲಿ ಕೂಡುತ್ತಿದ್ದಳು. ಇವರು ನೇಯುವುದು, ಅವಳು ಹೊಲಿಯುವುದು, ಇಬ್ಬರದೂ ಮಾತು. ಇಪ್ಪತ್ತೈದು ವರ್ಷ ಆ ಮಾತು ನಡೆದಿತ್ತು, ಅದರಲ್ಲಿ ಒಂದಕ್ಷರವೂ ನನಗೆ ಗೊತ್ತಿಲ್ಲವೆಂಬುದು ಅಂದು ಹೊಸ್ತಿಲಲ್ಲಿ ನಿಂತಾಗ ಹೊಳೆಯಿತು. ಒಳಗೆ ಹೋದೆ. ಹೆಂಡತಿಯನ್ನು ಕೇಳಲಾಗದಿದ್ದರೆ ಹೆಂಡತಿಯ ಗೆಳತಿಯನ್ನು ಕೇಳಬಹುದು, ನನ್ನ ಕಾಯಿದೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಮಣೆಯ ಮೇಲೆ ಕೂಡಲಿಲ್ಲ, ನಿಂತೇ ಕೇಳಿದೆ. "ಹುಸೇನಬಿ, ನೀಲವ್ವ ನನ್ನ ಬಗ್ಗೆ ಏನರ ಹೇಳತಿದ್ಲೇನ್ರಿ?"

ಪಂಜಾದ ಸಪ್ಪಳ ನಿಂತಿತು. ಅವರು ತಿರುಗಿ ನೋಡಿದರು. "ಇದನ್ನ ಕೇಳಾಕ ನಿಮಗ ಇಷ್ಟ ದಿನಾ ಬೇಕಾತೇನ್ರಿ ಮಾಸ್ತರ್ರ?" ಎಂದರು. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಆಮೇಲೆ ನೂಲಿನ ಉಂಡೆ ಕೆಳಗಿಟ್ಟು ಹೇಳಿದರು. "ನೀವ ಮಾನಪತ್ರ ಬರಿಯಾಕ ಯಾರ ಮನಿಗರ ಹೊಂಟ ದಿನಾ ನೀಲವ್ವ ಇಲ್ಲೇ ಬಂದ ಕುಂದರತಿದ್ಲರಿ. ಇವತ್ತ ಯಾರ ಹೇಣ್ತಿ ಪಾಳಿ ಐತೋ ಅಂತ ನಗತಿದ್ಲು. ನಿನ್ನ ಕೇಳಿದ್ರ ಏನ್ ಹೇಳ್ತಿ ಬೇ, ಅಂತಿದ್ದೆ ನಾ. ಒಂದ ಮಾತ ಐತಿ ಹುಸೇನಬಿ, ಅಂತಿದ್ಲು. ಒಂದ. ಅವ್ರ ಕೇಳಿದ ದಿನಾ ಹೇಳ್ತೇನಿ ಅಂತ."

"ಏನ್ರಿ ಅದು?"

"ನನಗ ಹೇಳಲಿಲ್ರಿ. ಅವ್ರಿಗಿ ಇಟ್ಟಿದ್ದ ನಿನಗ್ಯಾಕ ಕೊಡ್ಲಿ, ಅಂತಿದ್ಲು. ಹುಬ್ಬಳ್ಳಿ ದವಾಖಾನಿಗಿ ಒಯ್ಯೂ ಮುಂದ ಗಾಡ್ಯಾಗ ಆಕೀ ಬಾಜೂಕ ನಾನ ಕುಂತಿದ್ನಲಾ, ಆಗೂ ಕೇಳ್ದೆ. ಈಗರ ಹೇಳ ಬೇ, ಅಂದೆ. ಅವ್ರು ಇನ್ನಾ ಕೇಳಿಲ್ಲಲಾ, ಅಂದ್ಲು."

ಆ ಗಾಡಿಯಲ್ಲಿ ನಾನೂ ಇದ್ದೆ. ಡ್ರೈವರನ ಪಕ್ಕದ ಸೀಟಿನಲ್ಲಿ, ರಿಪೋರ್ಟುಗಳ ಫೈಲು ತೊಡೆಯ ಮೇಲಿಟ್ಟುಕೊಂಡು, ರಸ್ತೆ ನೋಡುತ್ತ ಕುಳಿತಿದ್ದೆ.

ಹುಸೇನಬಿ ಚಹಾ ಮಾಡಲು ಎದ್ದರು. ಬೇಡವೆಂದು ಬಂದುಬಿಟ್ಟೆ. ನನಗೆ ನಾಚಿಕೆಯಾಗಿತ್ತು. ನೂರು ಮನೆಗಳಲ್ಲಿ ಕುಳಿತು, ನೂರು ಕಪ್ಪು ಚಹಾ ಕುಡಿದು, ನಿಮ್ಮ ಯಜಮಾನರು ಹೇಗೆ ಎಂದು ಕೇಳಿದವನು ನನ್ನ ಮನೆಯ ಹೆಂಗಸನ್ನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಸನ್ಮಾನ ಇರಲಿಲ್ಲವಲ್ಲ, ಯಾಕೆ ಕೇಳಬೇಕಿತ್ತು ಎಂದು ಒಂದು ನೆವ ಹೇಳಿಕೊಂಡು ನೋಡಿದೆ. ಅದು ನಿಲ್ಲಲಿಲ್ಲ. ಆ ವ್ಯಾಪಾರಸ್ಥರ ಮನೆಯ ತಾಯಿ ನೆನಪಾದರು. ಅವರ ಬಳಿ ಹೇಳಲು ಏನೂ ಇರಲಿಲ್ಲ, ನಾನು ಹೋಗಿ ಕೇಳಿದೆ. ನೀಲವ್ವನ ಬಳಿ ಒಂದಿತ್ತು, ಅವಳು ಕಾದು ಕುಳಿತಿದ್ದಳು, ನಾನು ಕೇಳಲಿಲ್ಲ.

ಗುರುವಾರವಿಡೀ ಆ ಒಂದು ಏನಿದ್ದೀತು ಎಂದು ಹುಡುಕಿದೆ. ಮಾಸ್ತರನ ಚಟ, ಒಂದೊಂದಕ್ಕೂ ಅಂಕ ಹಾಕುತ್ತ ಹೋದೆ. ಅವಳಿಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟಿದ್ದೆ. ಆದರೆ ಪಾತ್ರೆ ತಳ ಹಿಡಿದು ಜ್ವರ ಬಿಟ್ಟ ಮೇಲೆ ಅವಳೇ ಎರಡು ದಿನ ತಿಕ್ಕಿದ್ದಳು, ಹತ್ತಕ್ಕೆ ಮೂರು. ಹುಬ್ಬಳ್ಳಿಯಿಂದ ಒಂದು ಇಳಕಲ್ ಸೀರೆ ತಂದಿದ್ದೆ. ಭಾರಿ ಸಾಧನೆಯೆಂದು ತಿಳಿದಿದ್ದೆ, ಬಣ್ಣ ನೋಡಿ ತಂಗಿಗೆ ಕೊಟ್ಟುಬಿಟ್ಟಳು, ಸೊನ್ನೆ. ಎಂದೂ 'ಲೇ' ಎಂದು ಕರೆದಿರಲಿಲ್ಲ ಎಂದು ಬರೆಯಹೋದೆ, ನೆನಪಾಯಿತು, ಕರೆದಿದ್ದೇನೆ, ಬಹಳ ಸಲ. ಅವಳ ಅಪ್ಪ ತೀರಿಕೊಂಡಾಗ ಹನ್ನೊಂದು ದಿನ ದುಮ್ಮವಾಡದಲ್ಲಿಯೇ ಉಳಿದು ಬಂದ ನೆಂಟರಿಗೆಲ್ಲ ಬಾವಿಯಿಂದ ನೀರು ಹೊತ್ತಿದ್ದೆ. ಮಾಸ್ತರ ನೀರು ಹೊರುತ್ತಾನೆಂದು ಅವಳ ಅಣ್ಣಂದಿರು ನಕ್ಕರು, ಅವಳು ನಗಲಿಲ್ಲ. ಇದಿರಬಹುದೇ? ಇದಕ್ಕೆ ಅಂಕ ಹಾಕಲು ಕೈ ಬರಲಿಲ್ಲ. ಒಮ್ಮೆಯಂತೂ, ಅವಳ ಸ್ವಭಾವ ಬಲ್ಲವನಾದ್ದರಿಂದ, ಅದು ಪೈಲ್ವಾನರ ಹಲ್ಲಿಯಂಥದೇ ಒಂದು ಮಾತಿರಬಹುದೆಂದೂ ಅನ್ನಿಸಿತು. ಇದ್ದರೂ ಇರಲಿ. ಹಲ್ಲಿಯ ಮಾತೇ ಆಗಲಿ, ಅವಳ ಬಾಯಿಂದ ಕೇಳಬೇಕಿತ್ತು ಎಂದು ಆಸೆಯಾಯಿತು. ಅಷ್ಟು ಆಸೆ ನನಗೆ ಯಾವ ಸನ್ಮಾನದ ಮೇಲೂ ಆಗಿಲ್ಲ.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಚಹಾ ಮಾಡಿದೆ. ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕುಳಿತೆ. ಪರರ ಮನೆಗೆ ಹೋದಾಗ ಕೂಡುವಂತೆ ಸ್ವಲ್ಪ ಸಂಕೋಚದಿಂದಲೇ ಕುಳಿತೆ. ಆಮೇಲೆ ಕೇಳಿದೆ. ಬಾಯಿ ಬಿಟ್ಟೇ ಕೇಳಿದೆ, "ನೀಲವ್ವಾ, ನನ್ನ ಬಗ್ಗೆ ಏನರ ಹೇಳಬೇಕಲ್ಲ, ಏನ್ ಹೇಳ್ತಿ?" ಹುಚ್ಚನಂತೆ ಕಾಣುತ್ತಿದ್ದೆನೇನೋ. ಬಾಗಿಲು ಮುಂದೆ ಮಾಡಿದ್ದೆ, ಯಾರೂ ನೋಡಲಿಲ್ಲ. ಪದ್ಧತಿಯಂತೆ ಅವಸರ ಮಾಡಲಿಲ್ಲ. ಸಾವಕಾಶವಾಗಿ ಚಹಾ ಕುಡಿದೆ. ಎದುರುಮನೆಯಲ್ಲಿ ಠಪ್ ಠಪ್ ನಡೆದಿತ್ತು. ಕಪ್ಪು ಖಾಲಿಯಾಯಿತು. ಇನ್ನೊಂದು ಹಾಕಿಕೊಂಡೆ, ಅದೂ ಖಾಲಿಯಾಯಿತು. ಮತ್ತೂ ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ಎರಡೂ ಕಪ್ಪು ತೊಳೆದಿಟ್ಟೆ. ತೊಳೆಯುವಾಗ ತಿಳಿಯಿತು, ನಾನು ಮೊದಲಿನಿಂದಲೇ ಎರಡು ಕಪ್ಪು ತೆಗೆದಿದ್ದೆ.

ಫಾರ್ಮು ತೆಗೆದು ಆರನೆಯ ಕಾಲಮ್ಮಿನ 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಪತ್ನಿ, ನೀಲವ್ವ' ಎಂದು ಬರೆದೆ. ಏಳನೆಯದರ ನಾಲ್ಕು ಗೆರೆಗಳಲ್ಲಿ ಒಂದನ್ನು ಮಾತ್ರ ಬಳಸಿದೆ. ಸರಕಾರಿ ಪತ್ರಗಳನ್ನು ಬರೆದು ಬರೆದು ರೂಢಿಯಾದ ಕೈ, ಮಾತು ತಾನಾಗಿಯೇ ಬಂತು. 'ವಿಚಾರಿಸಲಾಗಿದೆ. ಉತ್ತರ ಬಂದ ಕೂಡಲೇ ತಿಳಿಸಲಾಗುವುದು.' ಫೋಟೋ ಹೊಡೆದು ಬಸವರಾಜನಿಗೆ ಕಳಿಸಿದೆ.

ಐದು ನಿಮಿಷದಲ್ಲಿ ಫೋನು ಬಂತು. "ಸರ, ಏಳನೇ ಕಾಲಮ್ಮಿನಾಗ ಉತ್ತರ ಬಂದಿಲ್ಲಂತ ಬರದೀರಲ್ರಿ," ಎಂದ. ಪಾಪ, ಅವನಿಗೆ ಪ್ರಿಂಟಿನ ಚಿಂತೆ. "ಎಷ್ಟ ದಿನದಾಗ ಬರತೈತ್ರಿ ಅದು? ಪ್ರೆಸ್ಸಿನವ್ರಿಗಿ ನಾಕ ದಿನಾ ನಿಂದರ್ರಿ ಅಂತ ಹೇಳ್ಲೇನ್ರಿ?"

"ನಿಂದರಸಬ್ಯಾಡೋ ಬಸು," ಎಂದೆ. "ಕೇಳಾಕ ನಾನ ನಲವತ್ತ ವರ್ಷ ತಗೊಂಡೇನಿ. ಆಕೀನೂ ಸಾವಕಾಶ ಹೇಳ್ಲಿ."